ಹಂದಿಯ ಹೆಜ್ಜೆ ಅಳೆಯುವ ಲೆಕ್ಕ

ಹಂದಿಯ ಮೇಲಿನ ದೂರು ಹೊಸದಲ್ಲ. ಸಿಂಧನೂರಾಗಲಿ, ಲಿಂಗಸುಗೂರಾಗಲಿ, ಮಸ್ಕಿಯಾಗಲಿ, ಊರಿನ ತಕರಾರು ಪಟ್ಟಿಯಲ್ಲಿ ಗಟಾರ, ಬೀದಿದೀಪ ಮತ್ತು ನಲ್ಲಿ ನೀರಿನ ಸಾಲಿನಲ್ಲಿ ಹಂದಿಗೂ ಒಂದು ಖಾಯಂ ಸ್ಥಾನವಿದೆ. ವರ್ಷಕ್ಕೊಮ್ಮೆ ಅವುಗಳನ್ನು ಹಿಡಿಸಿ ಸಾಗಿಸುವ ಕಾರ್ಯಾಚರಣೆ ನಡೆಯುತ್ತದೆ. ಕೆಲವೇ ತಿಂಗಳಲ್ಲಿ ಅವು ಮತ್ತೆ ಹಾಜರಾಗುತ್ತವೆ. ಈ ಹಳೆಯ ದೂರಿಗೆ ಈಚೆಗೆ ಇನ್ನೊಂದು ಸೇರಿಕೊಂಡಿದೆ: ಹಂದಿ ಮಾಂಸ ಭೂಮಿಯನ್ನು ಬಿಸಿಮಾಡುತ್ತದೆ, ನೀರು ಕುಡಿಯುತ್ತದೆ, ಮಣ್ಣು ಕೆಡಿಸುತ್ತದೆ ಎಂಬುದು. ಮೊದಲ ದೂರು ಕಣ್ಣಿಗೆ ಕಾಣುತ್ತದೆ. ಎರಡನೆಯದನ್ನು ಲೆಕ್ಕ ಹಾಕಿಯೇ ನೋಡಬೇಕು. ಆ ಲೆಕ್ಕ ಹಾಕುವ ರೀತಿ ಸ್ವಾರಸ್ಯಕರವಾಗಿದೆ. ಅದರ ಉತ್ತರ ಊರಿಂದೂರಿಗೆ ಬದಲಾಗುವುದು ಇನ್ನೂ ಸ್ವಾರಸ್ಯಕರ.

ಒಂದು ವಸ್ತುವಿನ 'ಪರಿಸರದ ಹೆಜ್ಜೆಗುರುತು' ಎಂಬ ಮಾತು ಬಳಕೆಗೆ ಬಂದದ್ದು 1990ರ ದಶಕದಲ್ಲಿ. ಕೆನಡಾದ ವಿಲಿಯಂ ರೀಸ್ ಮತ್ತು ಅವರ ಶಿಷ್ಯ ಮ್ಯಾಥಿಸ್ ವಾಕರ್ನಾಗಲ್ ಅದನ್ನು ರೂಢಿಗೆ ತಂದರು. ಅದಕ್ಕೂ ಮೊದಲೇ, 1969ರಲ್ಲಿ, ಅಮೆರಿಕದ ಕೋಕಾ ಕೋಲಾ ಕಂಪನಿ ಯಾವ ಬಗೆಯ ಬಾಟಲಿಗೆ ಎಷ್ಟು ಕಚ್ಚಾವಸ್ತು, ಎಷ್ಟು ಇಂಧನ ಖರ್ಚಾಗುತ್ತದೆ ಎಂದು ಹುಟ್ಟಿನಿಂದ ಕಸವಾಗುವವರೆಗೆ ಲೆಕ್ಕ ಹಾಕಿಸಿತ್ತು. ಇಂದು ಜೀವನಚಕ್ರ ವಿಶ್ಲೇಷಣೆ ಎನ್ನುವುದು ಅದೇ ಬಗೆಯ ಲೆಕ್ಕವನ್ನು. ಹಂದಿಗೂ ಅದೇ ವಿಧಾನ. ಮೇವು ಬೆಳೆದ ಹೊಲದಿಂದ ಹಿಡಿದು ಮಾಂಸ ಅಂಗಡಿಗೆ ಬರುವವರೆಗೆ ಏನೇನು ಖರ್ಚಾಯಿತು, ಏನೇನು ಹೊರಬಿತ್ತು ಎಂದು ಬರೆದಿಟ್ಟು, ಒಟ್ಟು ಮೊತ್ತವನ್ನು ಮಾಂಸದ ಕಿಲೋಗಳಿಂದ ಭಾಗಿಸುವುದು.

ಹಾಗೆ ಭಾಗಿಸಿದ ದೊಡ್ಡ ಲೆಕ್ಕವೊಂದು 2018ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂತು. ಆಕ್ಸ್‌ಫರ್ಡಿನ ಜೋಸೆಫ್ ಪೂರ್ ಮತ್ತು ಸ್ವಿಟ್ಜರ್ಲೆಂಡಿನ ಥಾಮಸ್ ನೆಮೆಚೆಕ್ 119 ದೇಶಗಳ ಸುಮಾರು 38,700 ಹೊಲ-ತೋಟ-ಕೊಟ್ಟಿಗೆಗಳ ಅಂಕಿ ಒಟ್ಟುಗೂಡಿಸಿದ್ದರು. ಅವರ ಪ್ರಕಾರ ಒಂದು ಕಿಲೋ ಹಂದಿ ಮಾಂಸಕ್ಕೆ ಸರಾಸರಿ 12 ಕಿಲೋ ಇಂಗಾಲದ ಡೈಆಕ್ಸೈಡಿಗೆ ಸಮನಾದ ಅನಿಲ ಹೊರಬೀಳುತ್ತದೆ. ಕೋಳಿಗೆ ಸುಮಾರು 10, ಕುರಿ ಮಾಂಸಕ್ಕೆ 40, ಮಾಂಸಕ್ಕೆಂದೇ ಸಾಕಿದ ದನದ ಮಾಂಸಕ್ಕೆ 100ರ ಹತ್ತಿರ. ನೀರಿನ ಲೆಕ್ಕವನ್ನು ನೆದರ್ಲೆಂಡ್ಸಿನ ಮೆಕೊನೆನ್ ಮತ್ತು ಹೂಕ್‌ಸ್ಟ್ರಾ ಮಾಡಿದ್ದಾರೆ. ಕಿಲೋ ಹಂದಿ ಮಾಂಸಕ್ಕೆ ಜಗತ್ತಿನ ಸರಾಸರಿ ಸುಮಾರು 6,000 ಲೀಟರ್.

6,000 ಲೀಟರ್ ಎಂದ ಕೂಡಲೇ ಹಂದಿ ಬಕಾಸುರನಂತೆ ಕಾಣುತ್ತದೆ. ಆದರೆ ಬೆಳೆಯುವ ಹಂದಿ ಕುಡಿಯುವುದು ದಿನಕ್ಕೆ ಐದರಿಂದ ಎಂಟು ಲೀಟರ್. ಎಂಟು ತಿಂಗಳು ಸಾಕಿ 100 ಕಿಲೋ ತೂಗಿಸಿದರೆ ಸುಮಾರು 72 ಕಿಲೋ ಮಾಂಸ ಸಿಗುತ್ತದೆ. ಲೆಕ್ಕದ ಪ್ರಕಾರ ಅದಕ್ಕೆ 4 ಲಕ್ಷ 30 ಸಾವಿರ ಲೀಟರ್ ನೀರು ಬೇಕು, ಅಂದರೆ 5,000 ಲೀಟರಿನ 86 ಟ್ಯಾಂಕರ್. ಹಂದಿ ಬಾಯಾರೆ ಕುಡಿದದ್ದು ಅದರಲ್ಲಿ ಅರ್ಧ ಟ್ಯಾಂಕರೂ ಆಗುವುದಿಲ್ಲ. ಉಳಿದದ್ದು ಮೇವು ಬೆಳೆಯಲು ಹೋದ ನೀರು, ಅದರಲ್ಲಿಯೂ ಬಹುಪಾಲು ಮಳೆಯದು. ಆ 6,000 ಲೀಟರಿನಲ್ಲಿ ಸುಮಾರು 4,900 ಲೀಟರ್ ಹೊಲದ ಮೇಲೆ ಬಿದ್ದ ಮಳೆ, 460 ಲೀಟರ್ ಕಾಲುವೆ-ಬಾವಿಯ ನೀರು, ಮಿಕ್ಕದ್ದು ಕೊಳೆಯನ್ನು ತಿಳಿಗೊಳಿಸಲು ಬೇಕಾದ ನೀರು.

ರಾಯಚೂರು ಜಿಲ್ಲೆಯ ಈ ಮೂರು ತಾಲೂಕುಗಳು ಒಂದಕ್ಕೊಂದು ತಾಗಿಕೊಂಡಿದ್ದರೂ ಒಂದೇ ಹಂದಿಗೆ ಬೇರೆ ಬೇರೆ ಹೆಜ್ಜೆ ಕೊಡುವುದು ಇಲ್ಲಿಯೇ. ಸಿಂಧನೂರು ತುಂಗಭದ್ರಾ ಎಡದಂಡೆ ಕಾಲುವೆಯ ಊರು. 1953ರಲ್ಲಿ ಅಣೆಕಟ್ಟು ತುಂಬಿದ ಮೇಲೆ ಎರೆ ಹೊಲಗಳು ಗದ್ದೆಗಳಾದವು, ಕ್ಯಾಂಪುಗಳು ಹುಟ್ಟಿದವು, ಅಕ್ಕಿ ಗಿರಣಿಗಳು ಎದ್ದವು. ಇಲ್ಲಿ ಹಂದಿಗೆ ಅಗ್ಗದ ಮೇವೆಂದರೆ ಗಿರಣಿಯ ತೌಡು ಮತ್ತು ನುಚ್ಚು. ಆ ತೌಡಿನ ಹಿಂದಿರುವುದು ಕಾಲುವೆಯ ನೀರು. ಲಿಂಗಸುಗೂರು ಕಡೆ ನಾರಾಯಣಪುರ ಬಲದಂಡೆ ಕಾಲುವೆ ತಲುಪದ ಮಸಾರಿ ಹೊಲಗಳಲ್ಲಿ ಸಜ್ಜೆ, ಜೋಳ ಬೆಳೆಯುವುದು ಮಳೆಯಿಂದ. ಆ ಸಜ್ಜೆ ತಿಂದ ಹಂದಿ ಬಳಸಿದ ನೀರು ಯಾರ ಪಾಲಿನದೂ ಅಲ್ಲ. ತೌಡು ತಿಂದ ಹಂದಿಯ ನೀರು ಮಾತ್ರ ಕಾಲುವೆಯ ಕೊನೆ ಭಾಗದ ರೈತನಿಗೆ ತಲುಪಬೇಕಾಗಿದ್ದ ಪಾಲು. ಹೂಳು ತುಂಬಿ ತುಂಗಭದ್ರೆಯ ಹೊಟ್ಟೆ 133 ಟಿಎಂಸಿಯಿಂದ ಸುಮಾರು 105ಕ್ಕೆ ಇಳಿದಿದೆ. ಆದ್ದರಿಂದ ಈ ವ್ಯತ್ಯಾಸ ಸಣ್ಣದಲ್ಲ. ಲೀಟರ್ ಎಣಿಸುವ ಅಂಕಿ ಎರಡಕ್ಕೂ ಒಂದೇ ಬೆಲೆ ಕಟ್ಟುತ್ತದೆ.

ಅನಿಲದ ವಿಷಯಕ್ಕೆ ಬಂದರೆ, ಹಂದಿಯ ಹೊಟ್ಟೆ ಬಹುಮಟ್ಟಿಗೆ ನಿರಪರಾಧಿ. ದನ, ಎಮ್ಮೆ, ಕುರಿಗಳು ಮೆಲುಕು ಹಾಕುವ ಪ್ರಾಣಿಗಳು. ಅವುಗಳ ಹೊಟ್ಟೆಯ ದೊಡ್ಡ ಚೀಲದಲ್ಲಿ ಹುಲ್ಲು ಹುದುಗಿ ಮೀಥೇನ್ ಆಗುತ್ತದೆ, ತೇಗಿನಲ್ಲಿ ಹೊರಬರುತ್ತದೆ. ಹಂದಿಯ ಹೊಟ್ಟೆ ಮನುಷ್ಯನ ಹೊಟ್ಟೆಯಂತೆ ಒಂದೇ ಕೋಣೆಯದು. ಹವಾಮಾನ ಬದಲಾವಣೆಯ ಅಂತರ ಸರ್ಕಾರಿ ಮಂಡಳಿ 2006ರಲ್ಲಿ ಕೊಟ್ಟ ಕೈಪಿಡಿಯಲ್ಲಿ ಅಭಿವೃದ್ಧಿಶೀಲ ದೇಶಗಳ ಹಂದಿಗೆ ವರ್ಷಕ್ಕೆ ಒಂದು ಕಿಲೋ ಮೀಥೇನ್ ಎಂದು ಹಾಕಿದೆ. ಕುರಿಗೆ 5, ಎಮ್ಮೆಗೆ 55. ಮತ್ತೆ ಅದೇ ಮಂಡಳಿ 2019ರಲ್ಲಿ ತಿದ್ದಿದ ಪಟ್ಟಿಯಲ್ಲಿ ದಕ್ಷಿಣ ಏಷ್ಯಾದ ಸದಾ ನೀರು ನಿಂತ ಗದ್ದೆಗೆ ಹೆಕ್ಟೇರಿಗೆ ದಿನಕ್ಕೆ 0.85 ಕಿಲೋ ಮೀಥೇನ್ ಇದೆ. 100 ದಿನ ನೀರು ನಿಂತಿತೆಂದರೆ 85 ಕಿಲೋ. ಅಂದರೆ ಸಿಂಧನೂರಿನ ಒಂದು ಹೆಕ್ಟೇರ್ ಗದ್ದೆ ಒಂದು ಬೆಳೆಯಲ್ಲಿ ಬಿಡುವ ಮೀಥೇನ್ 85 ಹಂದಿಗಳ ಹೊಟ್ಟೆ ಇಡೀ ವರ್ಷ ಬಿಡುವಷ್ಟು. ಹಂದಿಯನ್ನು ಬಯ್ದು ಎರಡು ತುತ್ತು ಅನ್ನ ಜಾಸ್ತಿ ಉಣ್ಣುವವರು ಇದನ್ನು ತಿಳಿದಿದ್ದರೆ ಒಳ್ಳೆಯದು.

ಹಾಗಾದರೆ ಆ 12 ಕಿಲೋ ಎಲ್ಲಿಂದ ಬಂತು? ಹಂದಿಯ ಮುಂದೆ ಇಡುವ ಮೇವಿನಿಂದ ಮತ್ತು ಹಿಂದೆ ಬೀಳುವ ಮಲದಿಂದ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2013ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ ಹಂದಿ ಸಾಕಣೆಯ ಅನಿಲದಲ್ಲಿ ಶೇಕಡ 60ರಷ್ಟು ಮೇವಿನದು, ಶೇಕಡ 27ರಷ್ಟು ಮಲದ್ದು. ಮೇವಿನ ಪಾಲಿನಲ್ಲಿ ದಕ್ಷಿಣ ಅಮೆರಿಕದಲ್ಲಿ ಕಾಡು ಕಡಿದು ಬೆಳೆದ ಸೋಯಾ ಕೂಡ ಸೇರಿದೆ. ಆ ಸೋಯಾಕ್ಕೂ ಮಸ್ಕಿಯ ತಿಪ್ಪೆಯಲ್ಲಿ ಮೂತಿ ಆಡಿಸುವ ಕರಿ ಹಂದಿಗೂ ಯಾವ ಸಂಬಂಧವೂ ಇಲ್ಲ. ಜಗತ್ತಿನ ಸರಾಸರಿಯನ್ನು ತಂದು ಈ ಹಂದಿಯ ಹಣೆಗೆ ಹಚ್ಚುವುದು, ಮುಂಬಯಿಯ ಮಳೆಯನ್ನೂ ರಾಯಚೂರಿನ ಮಳೆಯನ್ನೂ ಕೂಡಿಸಿ ಎರಡರಿಂದ ಭಾಗಿಸಿ ಬಿತ್ತನೆಗೆ ಹೊರಟಂತೆ.

ಬೀದಿಯ ಹಂದಿಯನ್ನೇ ಮೊದಲು ತೆಗೆದುಕೊಳ್ಳಿ. ಈ ಭಾಗದಲ್ಲಿ ಕೊರಮ, ಕೊರಚ ಕುಟುಂಬಗಳು ತಲೆಮಾರುಗಳಿಂದ ಬುಟ್ಟಿ ಹೆಣೆಯುವ ಕೆಲಸದ ಜೊತೆಗೆ ಹಂದಿ ಸಾಕಿವೆ. ಅವರ ಹಂದಿಗೆ ಯಾರೂ ಹೊಲದಲ್ಲಿ ಮೇವು ಬೆಳೆಯಲಿಲ್ಲ. ಖಾನಾವಳಿಯ ಎಂಜಲು, ಸಂತೆಯಲ್ಲಿ ಬಿಸಾಕಿದ ಕೊಳೆತ ಕಾಯಿಪಲ್ಲೆ, ಕಲ್ಯಾಣ ಮಂಟಪದ ಹಿಂದಿನ ಎಲೆಗಳು ಅದರ ಆಹಾರ. ಜೀವನಚಕ್ರದ ಖಾತೆಯಲ್ಲಿ ಮೇವಿನ ಕಾಲಂಗೆ ಬರುವುದು ಸೊನ್ನೆ. ಅಷ್ಟೇ ಅಲ್ಲ, ಆ ಕೊಳೆ ಹಾಗೆಯೇ ತಿಪ್ಪೆಯಲ್ಲಿ ಬಿದ್ದಿದ್ದರೆ ಅದೂ ಕೊಳೆತು ಮೀಥೇನ್ ಬಿಡುತ್ತಿತ್ತು. ಅದನ್ನು ತಪ್ಪಿಸಿದ್ದಕ್ಕೆ ಹಂದಿಯ ಖಾತೆಗೆ ಜಮಾ ಬರೆಯಬೇಕು.

ಈ ಜಮಾ ಬರೀ ಕಾಗದದ ಮೇಲಿನದಲ್ಲ ಎಂಬುದು ಈಜಿಪ್ಟಿನ ಕೈರೋ ನಗರಕ್ಕೆ ಗೊತ್ತಾಯಿತು. ಅಲ್ಲಿ ಜಬ್ಬಾಲೀನ್ ಎಂಬ ಸಮುದಾಯ ಮನೆಮನೆಯ ಕಸ ಸಂಗ್ರಹಿಸಿ, ಅದರಲ್ಲಿನ ಆಹಾರದ ಭಾಗವನ್ನು ಹಂದಿಗಳಿಗೆ ಹಾಕುತ್ತಿತ್ತು. 2009ರಲ್ಲಿ ಹಂದಿಜ್ವರದ ಸುದ್ದಿ ಹಬ್ಬಿದಾಗ ಸರ್ಕಾರ ಸುಮಾರು 3 ಲಕ್ಷ ಹಂದಿಗಳನ್ನು ಕೊಲ್ಲಿಸಿತು. ಆ ಜ್ವರ ಹರಡುತ್ತಿದ್ದದ್ದು ಮನುಷ್ಯರಿಂದ ಮನುಷ್ಯರಿಗೆ. ಕೆಲವೇ ತಿಂಗಳಲ್ಲಿ ಕೈರೋದ ಬೀದಿಗಳಲ್ಲಿ ಕೊಳೆತ ಆಹಾರದ ಗುಡ್ಡೆಗಳು ಬಿದ್ದವು. ಹಸಿಕಸ ತಿನ್ನುವವರೇ ಇರಲಿಲ್ಲ.

ಹಾಗೆಂದು ಬೀದಿ ಹಂದಿಗೆ ಪೂರ್ಣಾಂಕ ಕೊಟ್ಟು ಕೂರಿಸುವಂತಿಲ್ಲ. ಇಂಗಾಲದ ಖಾತೆಯಲ್ಲಿ ಕಾಲಂ ಇಲ್ಲದ ಎರಡು ವಿಷಯಗಳಿವೆ. ಈ ತಾಲೂಕುಗಳಿಗೆ ಅವೇ ಮುಖ್ಯ.

ಒಂದು, ಮಿದುಳು ಜ್ವರ. ಜಪಾನೀಸ್ ಎನ್ಸೆಫಲೈಟಿಸ್ ಎಂಬ ಈ ರೋಗ ಭಾರತದಲ್ಲಿ ಮೊದಲು ಗುರುತಿಸಲ್ಪಟ್ಟದ್ದು 1955ರಲ್ಲಿ, ವೆಲ್ಲೂರಿನಲ್ಲಿ. ಕರ್ನಾಟಕದಲ್ಲಿ ರಾಯಚೂರು, ಬಳ್ಳಾರಿ, ಕೊಪ್ಪಳ ಜಿಲ್ಲೆಗಳು ಇದರ ಪಟ್ಟಿಯಲ್ಲಿವೆ. ಮೂರೂ ತುಂಗಭದ್ರೆಯ ಭತ್ತದ ಜಿಲ್ಲೆಗಳೆಂಬುದು ಆಕಸ್ಮಿಕವಲ್ಲ. ವೈರಸ್ಸನ್ನು ಹೊತ್ತು ತರುವ ಕ್ಯೂಲೆಕ್ಸ್ ಸೊಳ್ಳೆಗಳು ಮೊಟ್ಟೆಯಿಡುವುದು ನಾಟಿಯಾದ ಗದ್ದೆಯ ನಿಂತ ನೀರಿನಲ್ಲಿ. ವೈರಸ್ ಮೊದಲು ಇರುವುದು ಗದ್ದೆಗೆ ಬರುವ ಬೆಳ್ಳಕ್ಕಿಯಂಥ ನೀರುಹಕ್ಕಿಗಳಲ್ಲಿ. ಹಕ್ಕಿಯನ್ನು ಕಚ್ಚಿದ ಸೊಳ್ಳೆ ಹಂದಿಯನ್ನು ಕಚ್ಚಿದರೆ, ಹಂದಿಗೆ ಹೆಚ್ಚೇನೂ ಆಗದು. ಆದರೆ ಎರಡು-ನಾಲ್ಕು ದಿನ ಅದರ ರಕ್ತದಲ್ಲಿ ವೈರಸ್ ಕೋಟಿಗಟ್ಟಲೆ ಹೆಚ್ಚುತ್ತದೆ. ಆಗ ಕಚ್ಚಿದ ನೂರಾರು ಸೊಳ್ಳೆಗಳು ವೈರಸ್ ಹೊತ್ತು ಹಾರುತ್ತವೆ. ಒಮ್ಮೆ ಸೋಂಕು ತಗುಲಿದ ಹಂದಿಗೆ ಮತ್ತೆ ತಗುಲುವುದಿಲ್ಲ ನಿಜ. ಆದರೆ ಹಂದಿ ಮೂರು ತಿಂಗಳು, ಮೂರು ವಾರ, ಮೂರು ದಿನಕ್ಕೆ ಮರಿ ಹಾಕುವ ಪ್ರಾಣಿ. ಸೋಂಕು ಕಾಣದ ಹೊಸ ಮರಿಗಳು ಸದಾ ಸಿದ್ಧವಿರುತ್ತವೆ. ದನದಲ್ಲಿ ವೈರಸ್ ಹೀಗೆ ಹೆಚ್ಚುವುದಿಲ್ಲ, ಮನುಷ್ಯನಲ್ಲಿಯೂ ಇಲ್ಲ. ಸೋಂಕಿದವರಲ್ಲಿ ಹೆಚ್ಚಿನವರಿಗೆ ಗೊತ್ತೇ ಆಗುವುದಿಲ್ಲ. ಆದರೆ ಮಿದುಳು ಊದಿಕೊಂಡ ಮಕ್ಕಳಲ್ಲಿ ಶೇಕಡ 30ರವರೆಗೆ ಸಾವು ಸಂಭವಿಸುತ್ತದೆ, ಬದುಕಿದವರಲ್ಲಿ ಹಲವರಿಗೆ ಶಾಶ್ವತ ಊನ ಉಳಿಯುತ್ತದೆ. ಲಸಿಕೆ ಇದೆ, ಪಟ್ಟಿಯಲ್ಲಿರುವ ಜಿಲ್ಲೆಗಳ ಮಕ್ಕಳಿಗೆ ಹಾಕಲಾಗುತ್ತದೆ. ಅದನ್ನು ತಪ್ಪಿಸಬಾರದು.

ಎರಡನೆಯದು ಲಾಡಿಹುಳು. ಹಂದಿ ಮನುಷ್ಯನ ಮಲ ತಿಂದಾಗ ಹುಳುವಿನ ತತ್ತಿಗಳು ಅದರ ಮಾಂಸದಲ್ಲಿ ಗಂಟುಗಳಾಗುತ್ತವೆ. ಆ ಮಾಂಸವನ್ನು ಅರೆಬೇಯಿಸಿ ತಿಂದವನ ಕರುಳಿನಲ್ಲಿ ಹುಳು ಬೆಳೆಯುತ್ತದೆ. ಅವನ ಮಲದ ತತ್ತಿಗಳು ನೀರು, ಸೊಪ್ಪು, ತೊಳೆಯದ ಕೈಗಳ ಮೂಲಕ ಇನ್ನೊಬ್ಬರ ಹೊಟ್ಟೆ ಸೇರಿದರೆ ಮಿದುಳಿನಲ್ಲಿ ಗಂಟಾಗಿ ಮೂರ್ಛೆರೋಗ ತರಬಲ್ಲವು. ಹಂದಿ ಮಾಂಸ ಕಣ್ಣಿನಿಂದಲೂ ನೋಡದವರಿಗೆ ಈ ಮೂರ್ಛೆ ಬರುವುದು ಹೀಗೆ. ಇಲ್ಲಿ ಅಪರಾಧಿ ಹಂದಿಯೋ, ಬಯಲು ಶೌಚವೋ ಎಂಬುದನ್ನು ಹೇಳಬೇಕಾಗಿಲ್ಲ.

ಈ ಎರಡೂ ಕಾರಣಗಳಿಗೆ ಹಂದಿ ಬೀದಿ ಬಿಟ್ಟು ಕೊಟ್ಟಿಗೆಗೆ ಹೋಗುವುದು ಒಳ್ಳೆಯದೇ. ಸರ್ಕಾರದ ಒಲವೂ ಅತ್ತ ಇದೆ. 2021ರಲ್ಲಿ ಪರಿಷ್ಕೃತಗೊಂಡ ರಾಷ್ಟ್ರೀಯ ಜಾನುವಾರು ಮಿಷನ್ ದೊಡ್ಡ ಹಂದಿ ಘಟಕಗಳಿಗೆ ಬಂಡವಾಳದ ಶೇಕಡ 50ರಂತೆ, 30 ಲಕ್ಷ ರೂಪಾಯಿಯವರೆಗೆ ಸಹಾಯಧನ ಇಟ್ಟಿದೆ. 2019ರ ಜಾನುವಾರು ಗಣತಿಯಲ್ಲಿ ದೇಶದ ಹಂದಿಗಳು 90.6 ಲಕ್ಷ, ಏಳು ವರ್ಷದ ಹಿಂದಿಗಿಂತ ಶೇಕಡ 12 ಕಡಿಮೆ. ಬೀದಿಯ ಕರಿ ಹಂದಿ ಕಡಿಮೆಯಾಗಿ ಶೆಡ್ಡಿನ ಬಿಳಿ ಯಾರ್ಕ್‌ಷೈರ್ ಬರುವ ಕಾಲ ಇದು. ತೌಡು ಅಗ್ಗವಾಗಿ ಸಿಗುವ ಊರು ಅದಕ್ಕೆ ಪ್ರಶಸ್ತ. ಆದರೆ ಶೆಡ್ಡಿನ ಒಳಗೆ ಕಾಲಿಟ್ಟ ಕೂಡಲೇ ಹಂದಿಯ ಹೆಜ್ಜೆ ಬದಲಾಗುತ್ತದೆ.

ಮೊದಲಿಗೆ ತೌಡಿನ ಪ್ರಶ್ನೆ. ಭತ್ತದ ಗದ್ದೆ ಬಿಟ್ಟ ಮೀಥೇನಿನಲ್ಲಿ ತೌಡಿನ ಪಾಲೆಷ್ಟು? ನೂರು ಕಿಲೋ ಭತ್ತದಿಂದ ಸುಮಾರು 66 ಕಿಲೋ ಅಕ್ಕಿ-ನುಚ್ಚು, 8 ಕಿಲೋ ತೌಡು, 22 ಕಿಲೋ ಹೊಟ್ಟು ಬರುತ್ತದೆ ಎಂದುಕೊಳ್ಳಿ. ತೂಕದ ಮೇಲೆ ಹಂಚಿದರೆ ತೌಡಿಗೆ ಶೇಕಡ 8. ಬೆಲೆಯ ಮೇಲೆ ಹಂಚಿದರೆ? ಉದಾಹರಣೆಗಾಗಿ ಅಕ್ಕಿ 40, ತೌಡು 20, ಹೊಟ್ಟು 3 ರೂಪಾಯಿ ಎಂದು ಇಟ್ಟರೆ ತೌಡಿನ ಪಾಲು ಶೇಕಡ 6ರೊಳಗೆ ಬರುತ್ತದೆ. ತೌಡು ಬರೀ ಕಸ ಎಂದು ವಾದಿಸಿದರೆ ಸೊನ್ನೆ. ಮೂರೂ ಲೆಕ್ಕಗಳು ಪುಸ್ತಕದಲ್ಲಿವೆ. ಮೂರನೆಯದು ಸಿಂಧನೂರಿನಲ್ಲಿ ನಿಲ್ಲುವುದಿಲ್ಲ. ಇಲ್ಲಿ ತೌಡಿನಿಂದ ಎಣ್ಣೆ ತೆಗೆಯುತ್ತಾರೆ, ಹಿಂಡಿದ ತೌಡು ದನ-ಕೋಳಿಯ ಮೇವಿಗೆ ಹೋಗುತ್ತದೆ. ಹಂದಿ ತಿಂದರೆ ಎಮ್ಮೆಗೆ ಬೇರೆ ಕಡೆಯಿಂದ ಮೆಕ್ಕೆಜೋಳ ತರಬೇಕಾಗುತ್ತದೆ. ಅದರ ಲೆಕ್ಕ ಯಾರ ಖಾತೆಗೆ? ವರದಿಗಳನ್ನು ಓದುವಾಗ ಇದನ್ನೇ ಮೊದಲು ಹುಡುಕಬೇಕು. ಮಾಂಸ ಮಾರುವವರು ಬರೆಸಿದ ವರದಿಯಲ್ಲಿ ಹಂಚಿಕೆಯ ಪುಟ ಸಾಮಾನ್ಯವಾಗಿ ಕೊನೆಯಲ್ಲಿ, ಸಣ್ಣ ಅಕ್ಷರದಲ್ಲಿ ಇರುತ್ತದೆ.

ಇನ್ನು ಗೊಬ್ಬರ. ಎಲ್ಲಕ್ಕಿಂತ ಹೆಚ್ಚು ವ್ಯತ್ಯಾಸವಾಗುವುದು ಇಲ್ಲಿ. ಮೇಲೆ ಹೇಳಿದ ಮಂಡಳಿಯ ಕೈಪಿಡಿ ಹೇಳುವಂತೆ, ಮಲ ಹುಟ್ಟಿಸಬಹುದಾದ ಮೀಥೇನಿನಲ್ಲಿ ಎಷ್ಟು ಭಾಗ ನಿಜಕ್ಕೂ ಹೊರಬರುತ್ತದೆ ಎಂಬುದು ಅದನ್ನು ಇಟ್ಟ ರೀತಿಯ ಮೇಲೆ ನಿಂತಿದೆ. ಬಿಸಿ ಊರಿನಲ್ಲಿ ನೀರು ಬೆರೆಸಿ ಹೊಂಡದಲ್ಲಿ ತಿಂಗಳುಗಟ್ಟಲೆ ನಿಲ್ಲಿಸಿದರೆ ಶೇಕಡ 80. ಒಣ ರಾಶಿ ಹಾಕಿದರೆ ಶೇಕಡ 5. ದಿನದಿನವೇ ಹೊಲಕ್ಕೆ ಎರಚಿದರೆ ಶೇಕಡ 1. ಹಂದಿ ಅದೇ, ಮಲವೂ ಅದೇ. ನೀರು ಹಾಯಿಸಿ ಹೊಂಡಕ್ಕೆ ತಳ್ಳುವ ಶೆಡ್ಡು ಐರೋಪ್ಯ ಪುಸ್ತಕದ ಚಿತ್ರದಲ್ಲಿ ಸ್ವಚ್ಛವಾಗಿ ಕಾಣುತ್ತದೆ. ಆದರೆ ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ರಾಯಚೂರಿನಲ್ಲಿ ಅದು ಮೀಥೇನ್ ಕುದಿಸುವ ಹಂಡೆ.

ಸಾರಜನಕದ ಕಥೆಯೂ ಇಂಥದೇ. ಹಂದಿ ತಿಂದ ಸಾರಜನಕದಲ್ಲಿ ಮೂರನೇ ಒಂದು ಭಾಗ ಮೈಗೆ ಹತ್ತುತ್ತದೆ, ಮಿಕ್ಕದ್ದು ಹೊರಗೆ. ಕೊಬ್ಬಿಸುವ ಹಂದಿಯೊಂದರಿಂದ ವರ್ಷಕ್ಕೆ ಸುಮಾರು 10 ಕಿಲೋ ಸಾರಜನಕ ಹೊರಬರುತ್ತದೆ. 100 ಹಂದಿಯ ಶೆಡ್ಡಿನಿಂದ 1,000 ಕಿಲೋ. ಯೂರಿಯಾದಲ್ಲಿ ಸಾರಜನಕ ಶೇಕಡ 46. 45 ಕಿಲೋದ ಚೀಲದ ಲೆಕ್ಕದಲ್ಲಿ ಇದು 48 ಚೀಲ ಯೂರಿಯಾ! ಅರ್ಧ ಅಮೋನಿಯಾ ಆಗಿ ಗಾಳಿಗೆ ಹಾರಿತೆಂದರೂ 24 ಚೀಲ ಉಳಿಯಿತು. ತುಂಗಭದ್ರಾ ಅಚ್ಚುಕಟ್ಟಿನ ಭತ್ತಕ್ಕೆ ಹೆಕ್ಟೇರಿಗೆ 150 ಕಿಲೋ ಸಾರಜನಕದ ಶಿಫಾರಸಿದೆ, ಆ ಪ್ರಕಾರ ಎಂಟು ಎಕರೆಗೆ ಸಾಲುತ್ತದೆ. ಮುಂಗಾರಿನಲ್ಲಿ ಯೂರಿಯಾಕ್ಕೆ ಸೊಸೈಟಿಯ ಮುಂದೆ ಸರತಿ ನಿಲ್ಲುವವರು ಈ ಅಂಕಿಯನ್ನು ಎರಡು ಸಲ ಓದಬಹುದು.

ಆ ಎಂಟು ಎಕರೆ ಇಲ್ಲದಿದ್ದರೆ? ಆಗ ಅದೇ 24 ಚೀಲ ಹತ್ತಿರದ ಹಳ್ಳಕ್ಕೆ ಹೋಗುತ್ತದೆ. ನೀರಿನ ಕೊಳೆಯನ್ನು ಅಳೆಯುವ ಒಂದು ಕ್ರಮವೆಂದರೆ, ಅದರಲ್ಲಿನ ಕೊಳೆ ಕರಗಲು ಎಷ್ಟು ಆಮ್ಲಜನಕ ಬೇಕು ಎಂದು ನೋಡುವುದು. ಊರ ಗಟಾರದ ನೀರಿಗೆ ಲೀಟರಿಗೆ 300-400 ಮಿಲಿಗ್ರಾಂ ಬೇಕಾದರೆ, ಹಂದಿ ಕೊಟ್ಟಿಗೆಯ ಬಗ್ಗಡಕ್ಕೆ 20,000ದಿಂದ 30,000 ಮಿಲಿಗ್ರಾಂ ಬೇಕು. ಸಿಂಧನೂರು ಭಾಗದ ಎಷ್ಟೋ ಊರುಗಳು ಕುಡಿಯುವುದು ಕಾಲುವೆಯಿಂದ ತುಂಬಿಸಿದ ಕೆರೆಯ ನೀರನ್ನು. ಶೆಡ್ಡು ಕಾಲುವೆಯಿಂದ ಎಷ್ಟು ದೂರ ಇದೆ, ಇಳಿಜಾರು ಎತ್ತ ಇದೆ ಎಂಬುದು ಆ 12 ಕಿಲೋ ಅಂಕಿಯಲ್ಲಿ ಎಲ್ಲಿಯೂ ಬರುವುದಿಲ್ಲ.

ಬೇರೆ ದೇಶಗಳು ಇದಕ್ಕೆ ದಂಡ ತೆತ್ತಿವೆ. ಅಮೆರಿಕದ ಉತ್ತರ ಕೆರೊಲಿನಾದಲ್ಲಿ 2018ರ ಫ್ಲಾರೆನ್ಸ್ ಚಂಡಮಾರುತಕ್ಕೆ ಹಂದಿಮಲದ ಹೊಂಡಗಳು ಉಕ್ಕಿ ನದಿ ಸೇರಿದವು. ಹಂದಿ ಸಾಕಣೆಗೆ ಹೆಸರಾದ ಡೆನ್ಮಾರ್ಕ್ 2024ರಲ್ಲಿ ಜಾನುವಾರು ಅನಿಲದ ಮೇಲೆಯೇ ತೆರಿಗೆ ಹಾಕುವ ಒಪ್ಪಂದ ಮಾಡಿಕೊಂಡಿತು. ಅದು ಟನ್ನಿಗೆ 300 ಕ್ರೋನರ್‌ನಂತೆ 2030ರಿಂದ ಜಾರಿಗೆ ಬರಬೇಕು.

ಗೋಬರ್ ಗ್ಯಾಸ್ ಸ್ಥಾವರ ಹಾಕಿದರೆ ಲೆಕ್ಕ ತಿರುಗುತ್ತದೆ. ಒಂದು ಕಿಲೋ ಹಂದಿಮಲದಿಂದ ಸುಮಾರು 60 ಲೀಟರ್ ಅನಿಲ ಸಿಗುತ್ತದೆ, ಆಕಳ ಸಗಣಿಯದು 40. ನೂರು ಹಂದಿಯ 200 ಕಿಲೋ ಮಲದಿಂದ ದಿನಕ್ಕೆ 12 ಘನಮೀಟರ್, ಅಂದರೆ ಸುಮಾರು 5 ಕಿಲೋ ಅಡುಗೆ ಅನಿಲಕ್ಕೆ ಸಮ. ಮೂರು ದಿನಕ್ಕೆ ಒಂದು ಸಿಲಿಂಡರ್! ಸುಟ್ಟ ಮೀಥೇನ್ ಇಂಗಾಲದ ಡೈಆಕ್ಸೈಡ್ ಆಗುತ್ತದೆ, ಸುಡದೆ ಬಿಟ್ಟರೆ 28 ಪಟ್ಟು ಕೆಟ್ಟದ್ದು. ಸಾರಜನಕ ಬಗ್ಗಡದಲ್ಲಿಯೇ ಉಳಿದು ಗದ್ದೆಗೆ ಹೋಗುತ್ತದೆ.

ಎಂಜಲನ್ನೂ ಬಿಡಬೇಕಾಗಿಲ್ಲ. ಹಸಿ ಎಂಜಲಿನಿಂದ ರೋಗ ಹರಡುತ್ತದೆಂದು ಬ್ರಿಟನ್ 2001ರಲ್ಲಿ ಅದನ್ನು ನಿಷೇಧಿಸಿತು. ಜಪಾನ್ ಅದನ್ನೇ ಕಾಯಿಸಿ, ಸೋಸಿ ಹಂದಿಮೇವು ಮಾಡುತ್ತಿದೆ. ಯುರೋಪ್ ಕೂಡ ಹಾಗೆ ಮಾಡಿದರೆ 18 ಲಕ್ಷ ಹೆಕ್ಟೇರ್ ಭೂಮಿ ಉಳಿಯುತ್ತದೆಂದು ಕೇಂಬ್ರಿಜ್ ಸಂಶೋಧಕರು 2016ರಲ್ಲಿ ಲೆಕ್ಕ ಕೊಟ್ಟರು. 2020ರಲ್ಲಿ ಅಸ್ಸಾಮಿನಲ್ಲಿ ಆಫ್ರಿಕನ್ ಹಂದಿಜ್ವರ ಕಾಣಿಸಿಕೊಂಡ ಮೇಲೆ ಕಾಯಿಸದ ಎಂಜಲು ಹಾಕುವುದು ಮೂರ್ಖತನ. ಈ ಕೆಲಸವನ್ನು ಬಲ್ಲವರು ಕೊರಮ, ಕೊರಚ ಕುಟುಂಬಗಳೇ. ಹಂದಿಯ ಗುಣ, ರೋಗ, ಬೆಲೆ ಎಲ್ಲವೂ ಅವರಿಗೆ ಬಾಯಿಪಾಠ. ಊರ ಹೊರಗೆ ಜಾಗ, ಕುದಿಸುವ ಹಂಡೆ, ಹೋಟೆಲುಗಳ ಎಂಜಲು ಗಾಡಿ, ಇಷ್ಟು ಕೊಟ್ಟರೆ ಪ್ರತಿ ವರ್ಷದ ಹಂದಿ ಹಿಡಿಯುವ ಖರ್ಚು ತಪ್ಪೀತು. ಸಹಾಯಧನದ ಅರ್ಜಿಯಲ್ಲಿ ಬ್ಯಾಂಕಿನ ಸಾಲಪತ್ರ, ಜಮೀನಿನ ಪಹಣಿ ಕೇಳುವಾಗ ಈ ಕುಟುಂಬಗಳು ಮೊದಲ ಮೆಟ್ಟಿಲಲ್ಲೇ ಉಳಿಯುತ್ತವೆ. ಶೆಡ್ಡು ಬೇರೆಯವರ ಪಾಲಾಗುತ್ತದೆ.

ಮಸ್ಕಿಗೆ ಬಂದು ಅಶೋಕನನ್ನು ನೆನೆಯದಿರಲಾಗದು. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಇಲ್ಲಿ ಕಂಡ ಶಾಸನದಲ್ಲಿ ದೇವಾನಾಂಪ್ರಿಯನ ಹೆಸರು ಅಶೋಕ ಎಂದು ಸ್ಪಷ್ಟವಾಯಿತು. ಅದೇ ಅರಸ ಉತ್ತರದ ತನ್ನ ಐದನೇ ಸ್ತಂಭ ಶಾಸನದಲ್ಲಿ ಗಬ್ಬವಾದ ಅಥವಾ ಹಾಲೂಡುವ ಆಡು, ಕುರಿ, ಹಂದಿಗಳನ್ನೂ ಆರು ತಿಂಗಳೊಳಗಿನ ಮರಿಗಳನ್ನೂ ಕೊಲ್ಲಬಾರದೆಂದು ಬರೆಸಿದ್ದಾನೆ. ಹಂದಿ ಈ ನಾಡಿನ ಲೆಕ್ಕದ ಪುಸ್ತಕಕ್ಕೆ ಹೊಸದಾಗಿ ಸೇರಿದ ಪ್ರಾಣಿಯೇನಲ್ಲ.

ಇನ್ನು ಯಾರಾದರೂ ಈ ತಾಲೂಕುಗಳಲ್ಲಿ ಶೆಡ್ಡು ಕಟ್ಟುವುದಾದರೆ, ಉಪಗ್ರಹವೂ ಬೇಡ, ವಿದೇಶಿ ತಂತ್ರಾಂಶವೂ ಬೇಡ. ಒಂದು ನೋಟ್‌ಬುಕ್ಕಿನಲ್ಲಿ ಬಂದ ಮೇವಿನ ತೂಕ ಮತ್ತು ಊರು, ಮಾರಿದ ಹಂದಿಯ ತೂಕ, ಗೊಬ್ಬರ ಯಾರ ಹೊಲಕ್ಕೆ ಎಷ್ಟು ಗಾಡಿ ಹೋಯಿತು ಎಂದು ಬರೆದರೆ ಮುಕ್ಕಾಲು ಲೆಕ್ಕ ಮುಗಿಯಿತು. ಉಳಿದ ಕಾಲು ಭಾಗ ನೀರಿನದು. ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರಬಾರದೆಂದು ಭಾರತೀಯ ಮಾನಕ ಹೇಳುತ್ತದೆ. ಶೆಡ್ಡಿಗೆ ಅಡಿಪಾಯ ಹಾಕುವ ಮೊದಲೇ ಹತ್ತಿರದ ಕೊಳವೆಬಾವಿಯ ನೀರನ್ನು ಒಂದು ಬಾಟಲಿಯಲ್ಲಿ ತುಂಬಿ ಪ್ರಯೋಗಾಲಯಕ್ಕೆ ಕೊಟ್ಟು ಚೀಟಿ ಪಡೆದಿಟ್ಟುಕೊಳ್ಳಬೇಕು. ಆಮೇಲೆ ಪ್ರತಿ ಮಳೆಗಾಲ ಮುಗಿದ ಮೇಲೆ ಇನ್ನೊಂದು ಬಾಟಲಿ. ಮೊದಲ ಚೀಟಿ ಇಲ್ಲದಿದ್ದರೆ, ನಾಳೆ ನೀರು ಕೆಟ್ಟಾಗ ಅದು ಹಂದಿಯಿಂದ ಕೆಟ್ಟಿತೋ ಗದ್ದೆಯ ಯೂರಿಯಾದಿಂದ ಕೆಟ್ಟಿತೋ ಎಂದು ಹೇಳುವುದು ಕಷ್ಟ.